ಒಂದನೇ ನಂಬರಿನ ಪ್ರಿಂಟರು

ನಾನು ಜೀವನದಲ್ಲಿ ಬರೆದ ಅತ್ಯಂತ ಸುಂದರವಾದ ಸುಳ್ಳು ಒಂದೂವರೆ ಸಾಲಿನದು. 'ಯಂತ್ರವನ್ನು ಚಾಲನೆ ಮಾಡಿ ತೋರಿಸಲಾಯಿತು. ಅಕ್ಷರಗಳು ಸ್ಪಷ್ಟವಾಗಿ, ಸುಂದರವಾಗಿ ಮೂಡಿಬಂದವು.' ಅದರ ಕೆಳಗೆ ನನ್ನ ರುಜು, ಪಕ್ಕದಲ್ಲಿ ಒಂದು ಕಂಬಳಿ ನೇಕಾರರ ಸಂಘದ ಮೊಹರು. ಆಗ ನನಗೆ ಇಪ್ಪತ್ತೆರಡು ವರ್ಷ, ಪ್ರಿಂಟರ್ ಕಂಪನಿಗೆ ಮೆಕ್ಯಾನಿಕ್ ಆಗಿ ಸೇರಿ ಹನ್ನೊಂದು ದಿನ. ಆಮೇಲೆ ಮೂವತ್ತೈದು ವರ್ಷ ಆ ಒಂದೂವರೆ ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಭಾರವೇನೂ ಆಗಲಿಲ್ಲ ಅಂದರೆ ಅದು ಎರಡನೆಯ ಸುಳ್ಳಾಗುತ್ತದೆ.

ಕಂಪ್ಯೂಟರ್ ಪ್ರಿಂಟರ್ ಮಾಡುವ ಕಂಪನಿಯೊಂದು ಚಿತ್ರದುರ್ಗದಲ್ಲಿತ್ತು ಅಂದರೆ ಈಗಿನವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಹೆದ್ದಾರಿ ಪಕ್ಕದ ಶೆಡ್ಡು ಅದು. ಮುಂಚೆ ಅಲ್ಲಿ ಕಡಲೆಕಾಯಿ ಸುಲಿಯುವ ಯಂತ್ರಗಳ ಜರಡಿ ಮಾಡುತ್ತಿದ್ದರಂತೆ. ನಾವೆಲ್ಲ ಯಜಮಾನರು ಅನ್ನುತ್ತಿದ್ದ ಮಾಲೀಕರು ಬೆಂಗಳೂರಿನ ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು ಬಂದು, ಆ ಶೆಡ್ಡಿನಲ್ಲಿ ಸೂಜಿ ಬಡಿದು ಅಕ್ಷರ ಮೂಡಿಸುವ ಪ್ರಿಂಟರ್ ಮಾಡಲು ಹೊರಟರು. ಮೊದಲ ಮಾಡೆಲ್ಲಿನ ಮೈ ಮಾಡಿಕೊಟ್ಟವನು ಸಂತೆಪೇಟೆಯ ಟ್ರಂಕು ಮಾಡುವವನು. ಅವನ ಹತ್ತಿರ ಇದ್ದದ್ದು ಟ್ರಂಕಿಗೆ ಬಳಿಯುವ ಹಸಿರು ಬಣ್ಣ ಒಂದೇ, ಹಾಗಾಗಿ ನಮ್ಮ ಪ್ರಿಂಟರೂ ಹಸಿರು. ಎತ್ತಲು ಇಬ್ಬರು ಬೇಕು. ಓಡಲು ಶುರುವಾದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು.

ಆ ಸದ್ದೇ ನಮ್ಮನ್ನು ಬದುಕಿಸಿತು. ಭೀಮಸಮುದ್ರದ ಅಡಿಕೆ ಮಂಡಿಯವರು ಅಂಗಡಿ ಮುಂದೆ ಪ್ರಿಂಟರ್ ಇಟ್ಟು, ಬಸ್ ಇಳಿದವರಿಗೆಲ್ಲ ಕೇಳುವ ಹಾಗೆ ಓಡಿಸುತ್ತಿದ್ದರು. ಒಂದು ವರ್ಷ ಯಜಮಾನರು ಕಷ್ಟಪಟ್ಟು ಸದ್ದು ಕಡಿಮೆ ಇರುವ ಮಾಡೆಲ್ ತಂದರು. ಕೊಂಡವರೆಲ್ಲ ವಾಪಸ್ ತಂದಿಟ್ಟರು. "ಸದ್ದೇ ಇಲ್ಲ ಅಂದ್ರೆ ಒಳಗೆ ಕೆಲ್ಸ ಮಾಡ್ತೈತೆ ಅಂತ ಹೆಂಗ್ರೀ ನಂಬಾಣ?" ಅಂತ ಒಬ್ಬರು ಮಂಡಿಯವರು ನನ್ನನ್ನೇ ಬೈದರು. ನಾವು ಒಳಗಿನ ರಬ್ಬರ್ ಪಟ್ಟಿ ಕಿತ್ತು ಸದ್ದು ವಾಪಸ್ ಕೊಟ್ಟೆವು, ಅವರು ಸಂತೋಷದಿಂದ ಹೊತ್ತುಕೊಂಡು ಹೋದರು.

ಹೊಳಲ್ಕೆರೆಯ ಜೋಯಿಸರೊಬ್ಬರು ಜಾತಕ ಪ್ರಿಂಟ್ ಮಾಡುವಾಗ ರಾಹುಕಾಲ ಬಂದರೆ ಮಧ್ಯದಲ್ಲೇ ಸ್ವಿಚ್ ಆರಿಸಿಬಿಡುತ್ತಿದ್ದರು. ಮತ್ತೆ ಹಚ್ಚಿದಾಗ ಸಾಲು ಜಾರಿ, ಶನಿ ಮಹರಾಯ ಒಂದು ಮನೆ ಕೆಳಗೆ ಹೋಗಿ ಕೂರುತ್ತಿದ್ದ. ಹಾಗೆ ಎಷ್ಟು ಮದುವೆ ನಿಂತವೋ, ಎಷ್ಟು ಕೂಡಿದವೋ. ಹಿರಿಯೂರಿನ ತೆಂಗಿನಕಾಯಿ ಮಂಡಿಯ ಪ್ರಿಂಟರ್ ಬಿಚ್ಚಿದರೆ ಒಂದು ಹಗ್ಗ ಹೊಸೆಯುವಷ್ಟು ನಾರು ಸಿಗುತ್ತಿತ್ತು. ಇನ್ನು ಆಯುಧಪೂಜೆಯ ಮಾರನೇ ದಿನ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಜಿಲ್ಲೆಯ ಅಷ್ಟೂ ಪ್ರಿಂಟರುಗಳ ಸೂಜಿಯೊಳಗೆ ಕುಂಕುಮ. ಯಾವ ಕಚೇರಿಯೂ ಹೊರಗಡೆ ಬಳಿದು ಸುಮ್ಮನಾಗುತ್ತಿರಲಿಲ್ಲ. ಅಕ್ಷರ ಹುಟ್ಟುವ ಜಾಗಕ್ಕೇ ಇಡಬೇಕು. ನನ್ನ ಹೆಂಡತಿ ಅದೇ ಶೆಡ್ಡಿನಲ್ಲಿ ರಿಬ್ಬನ್ ಸುತ್ತುವ ಕೆಲಸಕ್ಕಿದ್ದಳು. ಕುಂಕುಮ ತುಂಬಿದ ಸೂಜಿಗಳನ್ನು ಇಬ್ಬರೂ ಎದುರುಬದುರು ಕೂತು ಒರೆಸಿ ಒರೆಸಿಯೇ ನಮ್ಮ ಮದುವೆಯಾದದ್ದು.

ಈಗ ಸುಳ್ಳಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿಯ ಮೊಟ್ಟಮೊದಲ ಪ್ರಿಂಟರನ್ನು, ಮೈಮೇಲೆ ಒಂದು ಎಂಬ ಅಂಕಿ ಕೊರೆದದ್ದನ್ನು, ತರಿಸಿಕೊಂಡವರು ಮತ್ತೋಡು ಕಡೆಯ ಒಂದು ಹಟ್ಟಿಯ ಕಂಬಳಿ ನೇಕಾರರ ಸಂಘದವರು. ಕುರಿ ಸಾಕುವ, ಉಣ್ಣೆ ನೂಲುವ ಕುಟುಂಬಗಳು. ಯಾವುದೋ ಯೋಜನೆಯಲ್ಲಿ ಸಂಘಕ್ಕೆ ಕಂಪ್ಯೂಟರ್ ಬರುವುದಿತ್ತು. ಅದಕ್ಕೆ ಅವರು ಎರಡು ಪ್ರಿಂಟರ್ ಬೇಕು ಅಂದರು, ಮೊದಲನೆಯದು ಇಂಥ ಸೋಮವಾರವೇ ಹಟ್ಟಿಗೆ ಬರಬೇಕು, ಎರಡನೆಯದು ತಿಂಗಳು ಬಿಟ್ಟು ಬಂದರೂ ಚಿಂತೆಯಿಲ್ಲ ಅಂದರು. ಅಷ್ಟು ಸಣ್ಣ ಸಂಘಕ್ಕೆ ಎರಡು ಯಾಕೆ ಅಂತ ಶೆಡ್ಡಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಒಂದಾಗಿಬಿಡುತ್ತದೋ ಅಂತ ಭಯ.

ಆ ಸೋಮವಾರ ಒಂದನೇ ನಂಬರನ್ನು ಬಸ್ಸಿನ ಟಾಪಿಗೆ ಏರಿಸಿ ಹೊಸದುರ್ಗಕ್ಕೆ, ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಹಟ್ಟಿಗೆ ಒಯ್ದವನು ನಾನು. ಹೋಗಿ ನೋಡಿದರೆ ಕರೆಂಟಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕೂತಿತ್ತು. ಹೊಸ ಕೆಲಸಗಾರ, ಓಡಿಸದೆ ವಾಪಸ್ ಬಂದೆ ಅಂದರೆ ಯಜಮಾನರು ಏನನ್ನುತ್ತಾರೋ ಅಂತ ನನಗೆ ಕಳವಳ. ಸಂಘದ ಅಧ್ಯಕ್ಷರು ಮಾತ್ರ ಯಾವ ಕಳವಳವೂ ಇಲ್ಲದೆ ನನಗೆ ರಾಗಿಮುದ್ದೆ, ಮಟನ್ ಸಾರು ಬಡಿಸಿದರು. ಮೂರನೇ ಮುದ್ದೆ ಮುರಿಯುವ ಹೊತ್ತಿಗೆ ನನ್ನ ಆತ್ಮಸಾಕ್ಷಿಗೆ ತೂಕಡಿಕೆ ಬಂತು. ವರದಿ ಫಾರಂ ತೆಗೆದು ಆ ಒಂದೂವರೆ ಸಾಲು ಬರೆದೆ. 'ಸ್ಪಷ್ಟವಾಗಿ' ಅಂತಷ್ಟೇ ಬರೆದಿದ್ದರೆ ಸಾಕಿತ್ತು. 'ಸುಂದರವಾಗಿ' ಅನ್ನುವುದನ್ನು ಆ ಸಾರು ಬರೆಸಿತು.

ಹೇಗೂ ಒಂದು ವಾರದಲ್ಲಿ ಕರೆಂಟ್ ಬರುತ್ತದೆ, ಏನಾದರೂ ತೊಂದರೆ ಇದ್ದರೆ ದೂರು ಬರುತ್ತದೆ, ಓಡಿಹೋಗಿ ಸರಿಮಾಡಿದರಾಯಿತು ಅಂದುಕೊಂಡಿದ್ದೆ. ದೂರು ಬರಲಿಲ್ಲ. ಎರಡನೇ ನಂಬರ್ ಹೋಯಿತು, ಅದರ ದೂರು ಮೂರು ತಿಂಗಳಿಗೊಮ್ಮೆ ತಪ್ಪದೆ ಬರತೊಡಗಿತು. ನಾನು ಹಟ್ಟಿಗೆ ಹೋಗಲು ಧೈರ್ಯ ಸಾಲದೆ, ಹೊಸದುರ್ಗದ ನಮ್ಮ ಸರ್ವೀಸ್ ಅಂಗಡಿಗೇ ತನ್ನಿ ಅನ್ನುತ್ತಿದ್ದೆ. ಕಂಬಳಿಯಲ್ಲಿ ಸುತ್ತಿದ ಎರಡನೇ ನಂಬರು ಬಸ್ಸಿನ ಟಾಪಿನಿಂದ ಇಳಿಯುವುದು. ತಂದವರನ್ನು ಕೇಳುತ್ತಿದ್ದೆ, ಒಂದನೇದು ಹೇಗಿದೆ ಅಂತ. "ಅದಕ್ಕೇನಾಗೈತೆ, ಅದು ಆರಾಮೈತೆ" ಅನ್ನುತ್ತಿದ್ದರು.

ಈ ಆರಾಮದ ಸುದ್ದಿ ಶೆಡ್ಡಿನ ಹೆಮ್ಮೆಯಾಯಿತು. ಒಂದನೇ ನಂಬರಿನಿಂದ ಒಂದೇ ಒಂದು ದೂರೂ ಬಂದಿಲ್ಲ ಅಂತ ಕಂಪನಿಯ ಬೆಲೆಪಟ್ಟಿಯ ಮೇಲೆ ಅಚ್ಚಾಯಿತು. ಯಜಮಾನರು ಪ್ರತಿ ಸಭೆಯಲ್ಲೂ ಅದನ್ನೇ ಹೇಳುತ್ತಿದ್ದರು. ಅದನ್ನು ಕೇಳಿಯೇ ದಾವಣಗೆರೆಯಿಂದ, ತುಮಕೂರಿನಿಂದ ಆರ್ಡರ್ ಬಂದವು. ಶೆಡ್ಡು ಎರಡಾಯಿತು, ಮೂರಾಯಿತು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನೊಬ್ಬನೇ. ಒಂದು ವಿಚಿತ್ರ ಮಾತ್ರ ಆಗಲೇ ಗಮನಿಸಿದ್ದೆ. ಆ ಮಾತು ಹೇಳುವಾಗ ಯಜಮಾನರು ನನ್ನ ಕಡೆ ನೋಡಿ, ತುಟಿ ಕಚ್ಚಿ, ಬೇರೆ ಕಡೆ ತಿರುಗುತ್ತಿದ್ದರು. ನನ್ನ ಮೇಲಿನ ಅಭಿಮಾನ ಅಂದುಕೊಂಡು ಇನ್ನಷ್ಟು ಕುಗ್ಗುತ್ತಿದ್ದೆ.

ಆಮೇಲೆ ಇಂಕಿನ ಪ್ರಿಂಟರ್ ಬಂತು, ಲೇಸರ್ ಬಂತು. ಹದಿನೈದು ವರ್ಷದ ಹಿಂದೆ ನಮ್ಮ ಶೆಡ್ಡು ಮುಚ್ಚಿತು. ನಾನು ಹಿರಿಯೂರಿನ ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟೆ. ಹಳೆಯ ಪ್ರಿಂಟರ್ ಬಿಡದ ಹಟಮಾರಿಗಳು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ, ಅವರ ಪುಣ್ಯದಿಂದ ನಾವು ಗಂಡಹೆಂಡಿರು ಚೆನ್ನಾಗಿದ್ದೇವೆ.

ಹೋದ ವರ್ಷ ಒಂದು ಬೆಳಗ್ಗೆ ಯಜಮಾನರ ಫೋನು ಬಂತು. ಎಂಬತ್ತು ದಾಟಿದವರು, ದನಿ ಮಾತ್ರ ಹಳೆಯದೇ.

"ಏನಪ್ಪ, ಕಂಪ್ನಿ ಚರಿತ್ರೆ ಬರೀತಾ ಇದೀನಿ. ಮೊದಲ್ನೇ ಪುಟ ಒಂದನೇ ನಂಬರಿಂದು. ಕಣ್ಣಾರೆ ನೋಡ್ದೆ ಹೆಂಗೆ ಬರೀಲಿ? ಇಬ್ರೂ ಹೋಗಿ ನೋಡ್ಕಂಡು ಬರಾಣ."

ನಾನು ಬೇಡ ಅನ್ನಲು ನೂರು ಕಾರಣ ಹುಡುಕಿದೆ. ದಾರಿ ಸರಿಯಿಲ್ಲ ಸಾರ್, ಬಿಸಿಲು ಸಾರ್, ಈಗ ಅದು ಇರೋದೇ ಅನುಮಾನ ಸಾರ್. ಅವರು ಎಲ್ಲವನ್ನೂ ಕೇಳಿ, "ಗುರುವಾರ ಬಾ" ಅಂದು ಫೋನಿಟ್ಟರು. ನಾನು ಮಂಕಾಗಿ ಕೂತದ್ದು ನೋಡಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ಎಲ್ಲ ಗೊತ್ತು.

"ಮೂವತ್ತೈದು ವರ್ಷ ಹೊಟ್ಟೇಲಿ ಇಟ್ಕಂಡಿದ್ದು ಸಾಕು ರೀ, ಹೇಳಿ ಹಗುರಾಗಿ ಬರ್ರಿ" ಅಂದಳು. "ಜಾಸ್ತಿ ಅಂದ್ರೆ ಏನ್ ಮಾಡ್ತಾರೆ? ಕೆಲ್ಸದಿಂದ ತೆಗೀತಾರಾ? ಕಂಪ್ನಿನೇ ಇಲ್ಲ."

ಅವಳಿಗೆ ಅದು ತಮಾಷೆ. ನನಗೆ ಕೆಲಸ ಕಲಿಸಿದ, ಮದುವೆಗೆ ಮುಂದೆ ನಿಂತ ಮನುಷ್ಯ ಅವರು. ಅವರ ಇಡೀ ಬದುಕಿನ ಹೆಮ್ಮೆಯ ಮೊದಲ ಪುಟದಲ್ಲಿ ನನ್ನ ಸುಳ್ಳು ಕೂತಿದೆ ಅಂತ ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ನನ್ನನ್ನು ಅವರು ಒಳ್ಳೆಯವನು ಅಂದುಕೊಂಡೇ ಇರಲಿ ಅನ್ನುವ ಆಸೆಯೂ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಗುರುವಾರ ದುರ್ಗದಿಂದ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಯಜಮಾನರು ಬಿಳಿ ಅಂಗಿಯ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ಶಾಲೆಯ ಮಕ್ಕಳು ಪ್ರವಾಸ ಹೊರಟ ಹಾಗೆ ಖುಷಿಯಾಗಿದ್ದರು. ಹೊಳಲ್ಕೆರೆಯಲ್ಲಿ ಇಡ್ಲಿ ತಿಂದೆವು. ಹೊಸದುರ್ಗದಲ್ಲಿ ಕಾಫಿ ಕುಡಿದೆವು. ನಾನು ಎರಡೂ ಕಡೆ ನಿಧಾನ ಮಾಡಿದೆ. ಮತ್ತೋಡು ಹತ್ತಿರವಾದಂತೆ ಕಾರು ಕೆಟ್ಟರೆ ಸಾಕಪ್ಪ ಅಂತ ಬೇಡಿಕೊಂಡೆ. ಮೂವತ್ತೈದು ವರ್ಷ ರಿಪೇರಿ ಮಾಡಿದವನು ಕೆಡಲಿ ಅಂತ ಬೇಡಿದರೆ ಯಾವ ಯಂತ್ರ ಕೇಳುತ್ತದೆ?

ಹಟ್ಟಿಯಲ್ಲಿ ಆಗಿನ ಸಂಘದ ಅಧ್ಯಕ್ಷರು ಇನ್ನೂ ಇದ್ದರು. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅವರೀಗ ಹಟ್ಟಿಗೆಲ್ಲ ಅಜ್ಜ. ಗುರುತು ಹೇಳುವ ಮೊದಲೇ ನನ್ನನ್ನು ನೋಡಿ, "ಮೂರು ಮುದ್ದೆ ಉಂಡೋನಲ್ವಾ ನೀನು?" ಅಂದರು. ಯಜಮಾನರಿಗೆ, "ಬರ್ರಿ ಸಾಮಿ, ಕುಂತ್ಕಳ್ರಿ" ಅಂತ ಜಾಗ ಬಿಟ್ಟರು. ಮಜ್ಜಿಗೆ ಬಂತು. ಯಜಮಾನರು ಲೋಟ ಕೆಳಗಿಟ್ಟು, ಒಂದನೇ ನಂಬರ್ ನೋಡಬೇಕು ಅಂದರು.

ಅಜ್ಜ ಸೊಂಟದ ಕೀಲಿ ತೆಗೆದು ಸಂಘದ ಕೋಣೆಗೆ ಕರೆದೊಯ್ದರು. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಿಸಿದರು. ಅಲ್ಲಿ ಗೋಡೆಯ ಪಕ್ಕ ಒಂದು ಮಣೆ, ಮಣೆಯ ಮೇಲೆ ಕರಿ ಕಂಬಳಿ, ಕಂಬಳಿಯ ಮೇಲೆ ಒಂದನೇ ನಂಬರು. ನೆತ್ತಿಯ ಮೇಲೆ ಭಂಡಾರದ ಅರಿಸಿನ, ಕೆಳಗೆ ಟ್ರಂಕಿನ ಹಸಿರು ಹಾಗೇ ಹೊಳೆಯುತ್ತಿದೆ. ನಾನು ಬಗ್ಗಿ ವೈರು ನೋಡಿದೆ. ಪ್ಲಗ್ಗಿಗೆ ನಾವು ಹಾಕಿ ಕಳಿಸಿದ್ದ ಪ್ಲಾಸ್ಟಿಕ್ ಚೀಲವನ್ನು ಇನ್ನೂ ಯಾರೂ ತೆಗೆದಿರಲಿಲ್ಲ.

"ಇದನ್ನ ಓಡಿಸೇ ಇಲ್ವಾ?" ಅಂದೆ.

"ಓಡ್ಸೋದಾ?" ಅಜ್ಜ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಕುರಿ ಮೊದಲ್ನೇ ಮರಿ ಹಾಕಿದ್ರೆ ಅದನ್ನ ದೇವ್ರಿಗೆ ಮೀಸಲು ಬಿಡ್ತೀವಿ. ಅದನ್ನ ಮಾರಂಗಿಲ್ಲ, ಕೊಯ್ಯಂಗಿಲ್ಲ. ಮೊದಲ್ನೇ ಕಂಬಳೀನೂ ಅಷ್ಟೆ, ದೇವ್ರದು. ಇದು ನಿಮ್ ಕಂಪ್ನಿಗೂ ಮೊದಲ್ನೇದು, ನಮ್ ಸಂಘಕ್ಕೂ ಮೊದಲ್ನೇದು. ಇದನ್ನ ಕೆಲ್ಸಕ್ಕೆ ಹಚ್ತೀವಾ? ಅದಕ್ಕೇ ಅಲ್ವಾ ಎರಡು ತರ್ಸಿದ್ದು."

ನನ್ನೊಳಗೆ ಡೊಳ್ಳು ಬಾರಿಸಿದಂತಾಯಿತು. ಒಂದು ಸಲವೂ ಓಡಿಸಿಲ್ಲ! ದೂರು ಎಲ್ಲಿಂದ ಬರಬೇಕು? ಸುಳ್ಳು ಹಿಡಿಯುವವರು ಯಾರಿದ್ದಾರೆ? ಅಲ್ಲೇ ಕುಣಿಯೋಣ ಅನ್ನಿಸಿತು. ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳಬೇಕು ಅಂತ ಮಾತು ಜೋಡಿಸುತ್ತಲೂ ಇದ್ದೆ. ಅಷ್ಟರಲ್ಲಿ ಯಜಮಾನರು ಬಹಳ ಮೆತ್ತಗೆ ಕೇಳಿದರು:

"ಇವನು ತಂದಿಟ್ಟ ದಿನ ಒಂದ್ಸಲ ಓಡ್ಸಿ ತೋರ್ಸಿದ್ನಲ್ಲ?"

"ಅವತ್ತು ಕರೆಂಟೇ ಇರ್ಲಿಲ್ಲವಲ್ಲ ಸಾಮಿ" ಅಂದರು ಅಜ್ಜ. "ಟೀಸಿ ಸುಟ್ಟೋಗಿ ಎಂಟು ದಿನ ಆಗಿತ್ತು. ಪಾಪ, ಉಂಡು ಏನೋ ಬರ್ಕಂಡು ಹೋದ್ರು."

ನನ್ನ ಕಿವಿ ಸುಡುತ್ತಿತ್ತು. ತಪ್ಪಾಯ್ತು ಸಾರ್ ಅಂದೆ. ಹೊಸ ಕೆಲಸದ ಹೆದರಿಕೆ, ಕರೆಂಟು, ಬಸ್ಸು, ಮುದ್ದೆ ಎಲ್ಲವನ್ನೂ ಹೇಳಿದೆ. ಪ್ರತಿ ಸಭೆಯಲ್ಲಿ ನನಗೇನಾಗುತ್ತಿತ್ತು ಅಂತಲೂ ಹೇಳಿದೆ. ತಲೆಯೆತ್ತಿ ನೋಡಿದರೆ ಯಜಮಾನರು ಗೋಡೆ ಹಿಡಿದು ನಿಂತಿದ್ದಾರೆ, ಮೈ ಅದುರುತ್ತಿದೆ. ಎದೆ ನೋವೇನೋ ಅಂತ ಹಾರಿ ಹಿಡಿದುಕೊಂಡೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಸದ್ದಿಲ್ಲದೆ, ಕೂರಲು ಜಾಗ ಹುಡುಕುತ್ತ ನಗುತ್ತಿದ್ದರು. ಅಜ್ಜ ಅವರನ್ನು ಕೈಹಿಡಿದು ಉಣ್ಣೆಯ ಮೂಟೆಯ ಮೇಲೆ ಕೂರಿಸಿದರು.

ಯಜಮಾನರು ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದರು. ಅದರೊಳಗೆ ಬೆಳ್ಳಿ ಕಾಗದ, ಬೆಳ್ಳಿ ಕಾಗದದೊಳಗೆ ಕಪ್ಪಗೆ ಜರಿಹುಳದಂತೆ ಸಾಲುಕಾಲಿನ ಒಂದು ಚಿಪ್. ನೋಡಿದ ತಕ್ಷಣ ಗುರುತು ಹತ್ತಿತು. ಅಕ್ಷರಗಳ ಆಕಾರವೆಲ್ಲ ಇರುವ ಚಿಪ್ ಅದು. ಅದಿಲ್ಲದಿದ್ದರೆ ಪ್ರಿಂಟರಿನ ತಲೆ ಎಡಕ್ಕೂ ಬಲಕ್ಕೂ ಓಡಾಡೀತು, ಹಾಳೆಯ ಮೇಲೆ ಒಂದು ಚುಕ್ಕಿಯೂ ಬೀಳದು.

"ಇದು ಇದರದೇ" ಅಂದರು ಒಂದನೇ ನಂಬರಿನ ಕಡೆ ಕೈ ತೋರಿಸಿ. "ಹೊರದೇಶದಿಂದ ಬರ್ಬೇಕಿತ್ತು, ಹಡಗು ತಡ ಆಯ್ತು. ಇವರು ಸೋಮವಾರವೇ ಬೇಕು ಅಂತ ಕೂತ್ರು. ಮೊದಲ್ನೇ ಆರ್ಡರ್ ತಪ್ಪಿದ್ರೆ ಶೆಡ್ಡಿಗೆ ಬೀಗ. ಚಿಪ್ ಹಾಕ್ದೇ ಕಳಿಸ್ಬಿಟ್ಟೆ. ಪ್ರಿಂಟ್ ಬರ್ತಿಲ್ಲ ಅಂತ ನೀನು ವಾಪಸ್ ಬರ್ತೀಯ, ಅಷ್ಟೊತ್ತಿಗೆ ಚಿಪ್ ಬಂದಿರ್ತೈತೆ, ಕೊಟ್ಟು ಕಳಿಸಾಣ ಅಂತಿದ್ದೆ. ನೀನು ವಾಪಸ್ ಬಂದೆ. ಅಕ್ಷರವೇ ಇಲ್ಲದ ಮೆಷಿನ್ನಲ್ಲಿ ಅಕ್ಷರ ಸುಂದರವಾಗಿ ಬಂದ್ವು ಅಂತ ಬರ್ಕಂಡು ಬಂದೆ."

ನಾನು ಬೆಂಕಿಪೊಟ್ಟಣದ ಮೇಲೆ ಬಗ್ಗಿ ಚಿಪ್ಪನ್ನು ಇನ್ನೊಮ್ಮೆ ನೋಡಿದೆ.

"ಮೊದಲ ದಿನದಿಂದ್ಲೇ ಗೊತ್ತಿತ್ತಾ ಸಾರ್ ನಿಮಗೆ?"

"ಗೊತ್ತಿಲ್ದೆ ಏನಪ್ಪ? ನಿನ್ನ ಕೆಲ್ಸದಿಂದ ತೆಗೀಬೇಕಾದ್ರೆ ಕಾರಣ ಹೇಳ್ಬೇಕಿತ್ತು. ಕಾರಣ ಹೇಳಿದ್ರೆ ನನ್ನ ಬಂಡವಾಳವೂ ಹೊರಗೆ ಬರ್ತಿತ್ತು."

ನನಗೆ ಕೋಪ ಬಂತು. ನಿಜವಾಗಿ ಬಂತು. ಮೂವತ್ತೈದು ವರ್ಷ ನಾನೊಬ್ಬನೇ ಬೆಂದೆನಲ್ಲ, ಸಭೆಯಲ್ಲಿ ತುಟಿ ಕಚ್ಚುತ್ತಿದ್ದದ್ದು ಅಭಿಮಾನವಲ್ಲ, ನಗು ತಡೆಯಲು! ಚಿಪ್ ಆಮೇಲಾದರೂ ಕಳಿಸಬಹುದಿತ್ತಲ್ಲ ಅಂದೆ, ದನಿ ಏರಿಸಿಯೇ. ಎಲ್ಲ ಸರಿ ಅಂತ ನೀನು ಬರೆದುಕೊಟ್ಟ ಮೇಲೆ ಏನಂತ ಹೇಳಿ ಕಳಿಸಲಿ ಅಂದರು ಅವರು. ಅವರು ನಗು ನಿಲ್ಲಿಸಿ, ಬೆಂಕಿಪೊಟ್ಟಣವನ್ನೇ ನೋಡುತ್ತ ಕೂತರು.

"ದಿನಾ ಕಾದೆ ಕಣಪ್ಪ" ಅಂದರು. "ಇವತ್ತು ದೂರು ಬರ್ತೈತೆ, ನಾಳೆ ಬರ್ತೈತೆ, ಬಂದ್ರೆ ಕಾಲಿಗೆ ಬಿದ್ದು ಹಾಕ್ಕೊಡಾಣ ಅಂತ. ಬರ್ಲಿಲ್ಲ. ಅಕ್ಷರ ಇಲ್ಲದ ಪ್ರಿಂಟರ್ ಇಟ್ಕಂಡು ಇವ್ರು ಏನ್ ಮಾಡ್ತಾ ಅವ್ರೆ, ಯಾಕೆ ಬಾಯಿ ಬಿಡ್ತಿಲ್ಲ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು. ಸುಳ್ಳಿನ ಮೇಲೆ ಮೂರು ಶೆಡ್ಡು ಕಟ್ದೆ. ಚರಿತ್ರೆ ಬರೆಯೋಕೆ ಕುಂತ್ರೆ ಮೊದಲ್ನೇ ಸಾಲೇ ಏಳ್ತಿಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ದುರ್ಗದಿಂದ ಈ ಹಟ್ಟಿಗೆ ಒಂದು ಬೆಳಗಿನ ದಾರಿ. ನಾವಿಬ್ಬರೂ ಹೆದರಿಕೊಂಡು, ಒಂದೇ ಶೆಡ್ಡಿನಲ್ಲಿ ಎದುರುಬದುರು ಕೂತು, ಆ ದಾರಿ ತುಳಿಯದೆ ಆಯುಸ್ಸು ಕಳೆದಿದ್ದೆವು. ಅವರ ಪಕ್ಕ ಮೂಟೆಯ ಮೇಲೆ ಕೂತೆ. ಈಗ ನನಗೂ ನಗು ಬಂತು, ಇಬ್ಬರಿಗೂ ಬಂತು.

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅಜ್ಜ ನಗಲಿಲ್ಲ.

"ಅಂದ್ರೆ ದೇವ್ರಿಗೆ ಬಿಟ್ಟಿದ್ದು ಊನ ಇದ್ದಿದ್ದಾ?" ಅಂದರು.

ನಮ್ಮಿಬ್ಬರ ನಗು ನಿಂತಿತು. ಮೀಸಲು ಬಿಡುವ ಮರಿಗೆ ಕುಂಟಿರಬಾರದು, ಕುರುಡಿರಬಾರದು. ಇದು ನಮಗೆ ಹೊಳೆದೇ ಇರಲಿಲ್ಲ. ಯಜಮಾನರು ಎದ್ದು ನಿಂತು ಕೈ ಮುಗಿದರು. ಅಜ್ಜ ಒಂದನೇ ನಂಬರಿನ ಕೆಳಗಿನ ಕಂಬಳಿಯ ಮಡಿಕೆ ಸರಿಮಾಡಿದರು.

"ದೇವ್ರ ಕುರಿ ಕಾಲು ಮುರ್ಕಂಡ್ರೂ ಕಟ್ಟು ಹಾಕ್ತೀವಿ" ಅಂದರು ಕೊನೆಗೆ. "ಹಂಗಾದ್ರೆ ನಮ್ದೊಂದು ಕಂಪ್ಲೇಂಟ್ ಬರ್ಕಳ್ರಿ ಸಾಮಿ. ನೀವು ಕೊಟ್ಟಿದ್ದು ಸರಿಯಿಲ್ಲ."

ಯಜಮಾನರು ಚರಿತ್ರೆ ಬರೆಯಲು ತಂದಿದ್ದ ನೋಟ್‌ಬುಕ್ ತೆಗೆದು, ನಿಂತುಕೊಂಡೇ, ಮೊದಲನೇ ಪುಟದಲ್ಲಿ ಅದನ್ನು ಬರೆದುಕೊಂಡರು. ಬರೆದದ್ದನ್ನು ಅಜ್ಜನಿಗೆ ಓದಿ ಹೇಳಿ, ಸರಿಯಾಗಿದೆಯಾ ಅಂತ ಕೇಳಿದರು. ಅಜ್ಜ ಸರಿಯಾಗೈತೆ ಅಂದ ಮೇಲೆ ಬೆಂಕಿಪೊಟ್ಟಣವನ್ನು ನನ್ನ ಅಂಗೈಗೆ ಇಟ್ಟರು.

ಕಾರಿನಿಂದ ನನ್ನ ಚೀಲ ತಂದೆ. ಮೇಲಿನ ತಗಡು ಬಿಚ್ಚಿ, ಅರಿಸಿನ ಒಳಗೆ ಬೀಳದಂತೆ ಬಟ್ಟೆ ಹಿಡಿದು, ಖಾಲಿ ಜಾಗದಲ್ಲಿ ಚಿಪ್ ಒತ್ತಿದೆ. ಕಾಲುಗಳು ಒಂದೊಂದಾಗಿ ಸರಿಯಾಗಿ ಕೂತವು. ಒಣಗಿದ ರಿಬ್ಬನ್ ತೆಗೆದು ಹೊಸದು ಹಾಕಿದೆ. ಅಂಗಡಿಯಲ್ಲಿ ಹೆಂಡತಿ ಸುತ್ತಿದ್ದು ಅದು. ಹಾಳೆ ಸಿಕ್ಕಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಚೀಲ ತೆಗೆದು ಗೋಡೆಗೆ ಚುಚ್ಚಿ, ತಾನೇ ತನ್ನ ಪರೀಕ್ಷೆ ಮಾಡಿಕೊಳ್ಳುವ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ತಲೆ ಒಮ್ಮೆ ಎಡಕ್ಕೆ ಗುದ್ದಿತು, ಮುಲುಗಿತು, ಹೊರಟಿತು. ಇಡೀ ಹಟ್ಟಿಗೆ ಕೇಳುವ ಹಾಗೆ ಆಲಿಕಲ್ಲು ಸುರಿಯಿತು. ಹೊರಗೆ ಕುರಿಗಳು ಬೆದರಿ ಕೂಗಿಕೊಂಡವು, ಯಾರೋ ಹೆಂಗಸು ಅವನ್ನು ಗದರಿದಳು. ಹಾಳೆಯ ಮೇಲೆ ಸಾಲುಸಾಲು ಅಕ್ಷರ ಬರುತ್ತಿತ್ತು. ಅಜ್ಜ ಸೊಂಟದ ಚೀಲದಿಂದ ಭಂಡಾರ ತೆಗೆದು ಪ್ರಿಂಟರಿನ ನೆತ್ತಿಗೆ ಹಾಕಿ, ಉಳಿದದ್ದನ್ನು ಯಜಮಾನರ ಹಣೆಗೆ ಬಳಿದರು.

ಯಜಮಾನರು ಹಾಳೆ ಹರಿಯಲಿಲ್ಲ. ಬಗ್ಗಿ, ಕನ್ನಡಕ ಏರಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದೇ ಅಕ್ಷರ ನೋಡಿದರು. ನೋಡಿ ಮುಗಿದ ಮೇಲೆ ನನ್ನ ಹೆಗಲ ಮೇಲೆ ಭಾರ ಹಾಕಿ ನೆಟ್ಟಗಾದರು.

"ಇನ್ನು ಕಂಪ್ನಿ ಮುಚ್ಚಬಹುದು ಕಣಪ್ಪ" ಅಂದರು.

"ಆಗ್ಲಿ ಸಾರ್" ಅಂದು ನಾನು ಸ್ವಿಚ್ ಆರಿಸಿದೆ.